ಕಾಲಿನ ಮಾತು ಕೇಳದ ಯಂತ್ರ

ಅಂದು ಬುಧವಾರ, ಉಪವಾಸದ ದಿನ. ಮಧ್ಯಾಹ್ನಕ್ಕೆ ಅಲಸಂದೆ ಕಾಳು ಬೇಯಿಸಿ, ಎಳೆಗುಂಬಳ ಹಾಕಿ, ನಿಂಬೆ ಹಿಂಡಿ ಇಟ್ಟಿದ್ದೆ. ನನ್ನ ಗಂಡ ಪಿಯೇರಿಸ್ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟ.

"ಇದನ್ನ ತಿಂದು ಸ್ವರ್ಗಕ್ಕೆ ಹೋಗೋದಾದ್ರೆ, ನಮ್ಮೂರಿನ ಆಡುಗಳೆಲ್ಲ ಆಗ್ಲೇ ಅಲ್ಲಿರ್ಬೇಕು" ಅಂದ.

"ಬಾಯ್ಮುಚ್ಕೊಂಡು ತಿನ್ನು" ಅಂದೆ.

"ಬಾಯ್ಮುಚ್ಕೊಂಡು ಹೆಂಗೇ ತಿನ್ನೋದು?"

ಎರಡು ತಟ್ಟೆ ತಿಂದ. ಮಲಗಿದ. ನಾಲ್ಕು ಗಂಟೆಗೆ ಎದ್ದು ಕಾಫಿ ಅಂಗಡಿಗೆ ಹೋಗಿ ಪಾದ್ರಿಯನ್ನು ಪಗಡೆಯಲ್ಲಿ ಸೋಲಿಸಿ ಬಂದ. ಅದನ್ನು ಮೂರು ಸಲ ಹೇಳಿದ. ಮೂರನೇ ಸಲ ಪಾದ್ರಿ ಇನ್ನೂ ಹೆಚ್ಚು ಸೋತಿದ್ದರು. ಸಂಜೆ ಅಂಗಳದಲ್ಲಿ ಬೇಸಿನ್ನಿನ ನೀರಲ್ಲಿ ಕಾಲು ಇಟ್ಟುಕೊಂಡು ಕೂತು, ಉಗುರು ಕತ್ತರಿಸಿಕೊಡು ಅಂದ. ಬೆನ್ನು ಬಗ್ಗುತ್ತಿರಲಿಲ್ಲ ಅವನಿಗೆ. ನಾಳೆ ಕತ್ತರಿಸುತ್ತೇನೆ ಅಂದೆ.

ಗುರುವಾರ ಹತ್ತು ಗಂಟೆಗೆ ಅಂಗಡಿಯಲ್ಲಿ, ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಿದ್ದ. ಹೃದಯ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಅರವತ್ತೊಂಬತ್ತು ವರ್ಷ.

ಅದರ ಬಗ್ಗೆ ಇನ್ನು ಬರೆಯುವುದಿಲ್ಲ. ಬರೆಯಬೇಕಾದ್ದು ಅವನ ಯಂತ್ರದ ವಿಷಯ. ನಮ್ಮೂರು ಪೆರಾ ಲಾಕ್ಕೋಸಿನಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಆ ದಿನ ಊರಲ್ಲಿರದೆ ಲಾರ್ನಕಾದಲ್ಲಿ ಮಗಳ ಮನೆಯಲ್ಲಿದ್ದವರೂ ಕಣ್ಣಾರೆ ಕಂಡೆವು ಅನ್ನುತ್ತಾರೆ. ಮೊದಲಿನಿಂದ ಕೊನೆಯವರೆಗೂ ಇದ್ದವಳು ನಾನು.

ಪಿಯೇರಿಸ್ ಹೊಲಿಗೆ ಯಂತ್ರದ ಮೇಸ್ತ್ರಿ. ಸುತ್ತ ಹನ್ನೊಂದು ಊರಿನ ಯಂತ್ರಗಳು ಅವನ ಕೈಯಲ್ಲೇ ಓಡುತ್ತಿದ್ದವು. ಮದುವೆಯ ಬಟ್ಟೆ ಅರ್ಧಕ್ಕೆ ನಿಂತಿದೆ ಅಂತ ಯಾರಾದರೂ ಅತ್ತರೆ ಊಟ ಬಿಟ್ಟು ಹೋಗುತ್ತಿದ್ದ. ಮನೆಗೆ ಹೋದರೆ ಮನುಷ್ಯರನ್ನು ಮಾತಾಡಿಸುವ ಮೊದಲು ಯಂತ್ರಕ್ಕೆ ಕಿವಿ ಕೊಡುತ್ತಿದ್ದ. ನನ್ನನ್ನು ನೋಡಲು ಬಂದಾಗಲೂ ಹಾಗೇ. ನಮ್ಮಮ್ಮನ ಯಂತ್ರ ತುಳಿದು ನೋಡಿ, "ಇದಕ್ಕೆ ಎಣ್ಣೆ ಕಾಣಿಸಿ ಎಷ್ಟು ವರ್ಷ ಆಯ್ತು?" ಅಂತ ಕೇಳಿದ. ನನ್ನನ್ನು ಏನೂ ಕೇಳಲಿಲ್ಲ. ಒಪ್ಪಿಕೊಂಡೆ. ಯಂತ್ರ ಬಿಟ್ಟು ಬೇರೆ ಯಾವ ಹೆಂಗಸಿನ ಮೇಲೂ ಇವನ ಕಣ್ಣು ಬೀಳಲ್ಲ ಅನ್ನಿಸಿತು. ಅದು ನಿಜವೇ ಆಯಿತು.

ಅವನಿಗೆ ಐವತ್ತೆಂಟಾಗಿದ್ದ ವರ್ಷ, ಈಸ್ಟರಿಗೆ ಮುಂಚೆ, ಚರ್ಚಿನವರು ಊರ ಮೇಲಿನ ಹಳೆಯ ಬಂಗಲೆ ಖಾಲಿ ಮಾಡಿದರು. ಅಜ್ಜಂದಿರ ಕಾಲದಲ್ಲಿ ಅಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಇದ್ದನಂತೆ, ಮಿಡತೆ ಕಾಟ ನೋಡಿಕೊಳ್ಳಲು. ಆಮೇಲೆ ಅದು ಕ್ಯಾರೆಬ್ ಕಾಯಿ ತುಂಬುವ ಕೋಣೆಯಾಯಿತು. ಸಾಮಾನುಗಳ ಜೊತೆ ಒಂದು ಹೊಲಿಗೆ ಯಂತ್ರ ಸಿಕ್ಕಿತು. ಕೆಳಗೆ ಕಬ್ಬಿಣದ ಕಾಲು, ತುಳಿಯುವ ಪಟ್ಟಿ, ದೊಡ್ಡ ಚಕ್ರ. ಮೇಲೆ ಮರದ ಹಲಗೆ, ಅದರ ಮೇಲೆ ಯಾರೋ ಹಸಿರು ಬಣ್ಣ ಬಳಿದಿದ್ದ ಕಬ್ಬಿಣದ ಮುದ್ದೆ.

ಅದನ್ನು ಟೊಫಾಲ್ಲಿಸ್ ತೆಗೆದುಕೊಂಡ. ಟೊಫಾಲ್ಲಿಸಿಗೆ ಚೌಕದಲ್ಲಿ ಹೋಟೆಲು. ಪ್ರವಾಸಿಗಳಿಗೆ ಹೊಲಿಗೆ ಯಂತ್ರದ ಕಾಲಿನ ಮೇಜು ಕಂಡರೆ ಪ್ರೀತಿ. ಫೋಟೊ ತೆಗೆಯುತ್ತಾರೆ, ತುಳಿಯುತ್ತಾರೆ, ಕಾಫಿ ಚೆಲ್ಲಿಕೊಳ್ಳುತ್ತಾರೆ. ಅಂಥ ಆರು ಮೇಜು ಅವನ ಹತ್ತಿರ ಆಗಲೇ ಇದ್ದವು. ಜುಲೈ ಕೊನೆಗೆ ಇದನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ನಮ್ಮ ಅಂಗಡಿಗೆ ಬಂದ.

"ಮೇಸ್ತ್ರಿ, ತಲೆ ಬಿಚ್ಚಿ ಬಿಸಾಕು. ಕಾಲು ಉಜ್ಜಿ ಬಣ್ಣ ಹೊಡಿ. ಆಗಸ್ಟ್ ಹದಿನೈದು, ಮಾತೆಯ ಹಬ್ಬಕ್ಕೆ ಬೇಕು" ಅಂದ.

ಪಿಯೇರಿಸ್ ತಲೆ ಬಿಚ್ಚುವ ಮುಂಚೆ ಪಟ್ಟಿ ತುಳಿದು ನೋಡಿದ. ಅದು ಅವನ ಅಭ್ಯಾಸ. ತುಳಿದ, ನಿಲ್ಲಿಸಿದ. ಮತ್ತೆ ಜೋರಾಗಿ ತುಳಿದ. ಅಡುಗೆಮನೆಗೆ ಬಂದು ನಿಂತ.

"ಮಿರೋ, ಬಾ ಇಲ್ಲಿ. ತುಳಿ ಇದನ್ನ."

"ಕೈಯೆಲ್ಲ ಹಿಟ್ಟು."

"ಕಾಲಿಂದ ತುಳಿಯೋದು ಕಣೇ, ಕೈಯಿಂದಲ್ಲ."

ತುಳಿದೆ. ಮೆಲ್ಲಗೆ ತುಳಿದರೂ, ಓಡಿ ತುಳಿದರೂ, ಮೇಲಿನ ಗಾಲಿ ಒಂದೇ ವೇಗದಲ್ಲಿ ತಿರುಗುತ್ತಿತ್ತು. ಹೊಲಿಗೆ ಯಂತ್ರ ಹಾಗಲ್ಲ. ಕಾಲು ಓಡಿದರೆ ಸೂಜಿ ಓಡುತ್ತದೆ, ಕಾಲು ನಿಂತರೆ ಸೂಜಿ ನಿಲ್ಲುತ್ತದೆ. ಹಲಗೆಯ ಕೆಳಗೆ ಎರಡು ಸೀಸದ ಗುಂಡು ಇದ್ದವು. ವೇಗ ಹೆಚ್ಚಾದರೆ ಅವು ಅಗಲವಾಗಿ ತಿರುಗಿ, ಗಾಲಿಯನ್ನು ಹಿಡಿದು ನಿಧಾನ ಮಾಡುತ್ತಿದ್ದವು.

"ನಲವತ್ತು ವರ್ಷದಲ್ಲಿ ಕಾಲಿನ ಮಾತು ಕೇಳದ ಯಂತ್ರ ನಾನು ನೋಡಿಲ್ಲ" ಅಂದ ಪಿಯೇರಿಸ್. "ಇದು ಹೊಲಿಯೋಕೆ ಮಾಡಿದ್ದಲ್ಲ. ಹೊಲಿಯೋಳು ಮೂಲೆ ಬಂದಾಗ ನಿಧಾನ ಮಾಡ್ಬೇಕು. ಇದನ್ನ ಮಾಡಿದೋನು ನಿಧಾನ ಮಾಡೋಕೇ ಬಿಟ್ಟಿಲ್ಲ. ಯಾಕೆ?"

ತಲೆ ಬಿಚ್ಚಲಿಲ್ಲ. ಅಂದಿನಿಂದ ಊಟಕ್ಕೆ ನಾಲ್ಕು ಸಲ ಕೂಗಬೇಕಾಯಿತು.

ಎರಡನೇ ದಿನ ಬಾಬಿನ್ ಹುಡುಕಿದ, ಇರಲಿಲ್ಲ. ಸೂಜಿ ಹಿಡಿಯುವ ಕಂಬವೂ ಇರಲಿಲ್ಲ. ಬದಲಿಗೆ ಒಂದು ಉದ್ದ ತಿರುಪು. ಅದರ ಸುತ್ತುಗಳನ್ನು ಭೂತಗನ್ನಡಿಯಲ್ಲಿ ಎಣಿಸಿದ. ಒಂದು ಬೆರಳಿನ ಅಗಲಕ್ಕೆ ನೂರಕ್ಕೂ ಮೇಲೆ. ಇಷ್ಟು ಸಣ್ಣ ಹೊಲಿಗೆ ಯಾವ ಬಟ್ಟೆಗೂ ಬೇಡ ಅಂದ. ಡ್ರಾಯರಿನ ಹಿಂದೆ ಇನ್ನೊಂದು ಸಾಮಾನು ಸಿಕ್ಕಿತು. ನರ್ಸಮ್ಮ ಎದೆಗೆ ಇಟ್ಟು ನೋಡುತ್ತಾಳಲ್ಲ, ಅಂಥದ್ದು. ಕಿವಿಗೆ ಎರಡು ಕೊಳವೆ, ಕೆಳಗೆ ಒಂದು. ರಬ್ಬರು ಒಣಗಿ ಬಿಸ್ಕತ್ತಿನ ಹಾಗೆ ಮುರಿಯಿತು.

ಐದನೇ ದಿನ ಹಸಿರು ಬಣ್ಣ ಕೆರೆದ. ಕೆಳಗೆ ಹಿತ್ತಾಳೆ ತಗಡು. ಇಂಗ್ಲಿಷ್ ಅಕ್ಷರ. ಪಾದ್ರಿ ಲೊಯಿಜೋಸ್ ಲಂಡನ್ನಿನಲ್ಲಿ ಹದಿನಾಲ್ಕು ವರ್ಷ ಮೀನು ಕರಿದು ಬಂದವರು, ಅವರನ್ನು ಕರೆದು ಓದಿಸಿದ.

"ಗ್ರಾಫೋಫೋನ್" ಅಂದರು ಪಾದ್ರಿ. "ಇದೇನಿದು, ನಮ್ಮ ಮಾತೇ ಅಲ್ವೇನೋ? ಗ್ರಾಫೋ ಅಂದ್ರೆ ಬರೀತೀನಿ. ಫೋನಿ ಅಂದ್ರೆ ದನಿ."

"ದನಿ ಬರೆಯೋದು" ಅಂದ ಪಿಯೇರಿಸ್, ಸ್ಟೂಲಿನ ಮೇಲೆ ಕೂತುಬಿಟ್ಟ. "ಅದಕ್ಕೇ ಒಂದೇ ವೇಗ. ದನಿ ಹಿಗ್ಗಬಾರದು, ಕುಗ್ಗಬಾರದು."

ಸಂಜೆ ಕಾಫಿ ಅಂಗಡಿಯಲ್ಲಿ ಹೇಳಿದ. ಹೇಳಬಾರದಿತ್ತು.

"ಗ್ರಾಮಫೋನಾ? ಹೂವಿನ ಹಾಗೆ ಕಹಳೆ ಇರುತ್ತಲ್ಲ, ಅದೆಲ್ಲಪ್ಪ?" ಅಂತ ಒಬ್ಬ.

"ಅದಕ್ಕೂ ಹಿಂದಿನದು. ಕಿವಿಗೆ ಕೊಳವೆ ಹಾಕ್ಕೊಂಡು ಕೇಳೋದು."

"ಹೊಲಿಯೋದು ಬಿಟ್ಟು ಹಾಡುತ್ತಾ?"

ಟೊಫಾಲ್ಲಿಸ್ ಮಾತ್ರ ನಗಲಿಲ್ಲ. "ಮೇಸ್ತ್ರಿ, ನಾನು ಕೊಟ್ಟಿದ್ದು ಮೇಜು ಮಾಡೋಕೆ. ನೀನು ನೋಡಿದ್ರೆ ಅದರ ಮುಂದೆ ಹೆಣ್ಣು ನೋಡೋಕೆ ಬಂದೋನ ಹಾಗೆ ಆಡ್ತಿದ್ದೀಯ."

"ಅದು ಮಾತಾಡುತ್ತೆ ಕಣಯ್ಯ."

"ಮಾತಾಡಿದ್ರೆ ನಿನಗೇ ಬಿಟ್ಟೆ. ಎಲ್ಲರ ಮುಂದೆ ಹೇಳ್ತಿದ್ದೀನಿ. ಹದಿನೈದನೇ ತಾರೀಕು ಪೂಜೆ ಮುಗಿಯೋ ಹೊತ್ತಿಗೆ ಒಂದು ಮಾತು ಆಡ್ಲಿ ಸಾಕು. ಆಡ್ಲಿಲ್ಲ ಅಂದ್ರೆ ನಾನೇ ಸುತ್ತಿಗೆ ತಂದು ತಲೆ ಒಡೆದು ಕಾಲು ತಗೊಂಡು ಹೋಗ್ತೀನಿ. ಅಮೃತಶಿಲೆ ಹಲಗೆ ಆಗ್ಲೇ ಕುಯ್ಸಿದ್ದೀನಿ."

ಹತ್ತು ದಿನ ಉಳಿದಿತ್ತು. ಪಿಯೇರಿಸ್ ಆಡಿನ ಚರ್ಮ ಸೀಳಿ ಗಾಲಿ ಎಳೆಯುವ ಹೊಸ ಪಟ್ಟೆ ಮಾಡಿದ. ನರ್ಸಮ್ಮನ ಹಳೆಯ ಕೊಳವೆ ಬೇಡಿ ತಂದ. ದನಿ ಹಿಡಿಯಲು ಒಂದು ತೆಳುವಾದ ಬಿಲ್ಲೆ ಬೇಕು ಅಂತ ಈರುಳ್ಳಿಯ ಒಳಪದರ ಇಟ್ಟು ನೋಡಿದ, ಸಿಗರೇಟ್ ಪೊಟ್ಟಣದ ಹಾಳೆ ಇಟ್ಟು ನೋಡಿದ. ಕೊನೆಗೆ ನನ್ನ ಸೀಮೆಎಣ್ಣೆ ಹೀಟರಿನ ಕಿಟಕಿಯ ಕಾಗೆಬಂಗಾರ ಕಿತ್ತು ಬಿಲ್ಲೆ ಕತ್ತರಿಸಿದ.

"ಚಳಿಗಾಲಕ್ಕೆ ಏನು ಮಾಡ್ಲಿ?" ಅಂದೆ.

"ಚಳಿಗಾಲ ಬರ್ಲಿ ಬಿಡು, ತಬ್ಬಿಕೊಂಡು ಕೂರೋಣ."

"ಹೀಟರೇ ವಾಸಿ."

ಎಲ್ಲ ಸರಿಹೋಯಿತು. ಒಂದು ಮಾತ್ರ ಇರಲಿಲ್ಲ. ನಾನು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಾ ಕೂತಿದ್ದೆ. ಅವನು ಎದುರು ಬಂದು ಕೂತ.

"ನೋಡು ಮಿರೋ, ಎರಡು ತುದಿಯಲ್ಲಿ ಹಿಡಿಯೋಕೆ ಗೂಟ ಇದೆ. ನಡುವೆ ಒಂದು ಕೋಲು ಕೂರ್ಬೇಕು. ಇಷ್ಟು ಉದ್ದ, ಒಂದು ಗೇಣಿಗೆ ಕಮ್ಮಿ. ಒಳಗೆ ಟೊಳ್ಳು. ಮೇಲೆ ಮೇಣ ಇರ್ಬೇಕು, ಯಾಕಂದ್ರೆ ಗೆರೆ ಗೀಚೋ ಮೊನೇಲಿ ಮೇಣದ ಚೂರು ಸಿಕ್ಕೊಂಡಿದೆ. ದನಿ ಆ ಮೇಣದ ಮೇಲೆ ಬರ್ದಿರುತ್ತೆ. ಅದು ಎಲ್ಲೋ ಹೋಗ್ಬಿಟ್ಟಿದೆ."

ನನ್ನ ಕೈ ನಿಂತಿತು.

ಚರ್ಚು ಗುಡಿಸುವವಳು ನಾನೇ. ಉರಿದು ಉಳಿದ ಮೇಣದ ತುಂಡುಗಳನ್ನು ಕೂಡಿಸಿ ಕರಗಿಸಿ ಮುದ್ದೆ ಮಾಡಿ ಕೊಡುವವಳೂ ನಾನೇ. ಬಂಗಲೆಯ ಸಾಮಾನಿನಲ್ಲಿ ಒಂದು ತಗಡಿನ ಡಬ್ಬಿ ಬಂದಿತ್ತು.

"ಆರು ಇದ್ವು" ಅಂದೆ.

"ಏನು ಆರು?"

"ಬತ್ತಿ ಇಲ್ಲದ ಮೇಣದ ಬತ್ತಿ. ಕಪ್ಪು ಬೆರೆತ ಹಳದಿ. ನಡುವೆ ತೂತು. ಈಸ್ಟರಿಗೆ ಕರಗಿಸ್ದೆ. ಒಳಗೆ ಬರೀ ರಟ್ಟು ಇತ್ತು. ಇಂಗ್ಲಿಷರು ಬತ್ತಿಯಲ್ಲೂ ಮೋಸ ಮಾಡ್ತಾರೆ ಅಂದ್ಕೊಂಡೆ."

ಅವನು ಬೈಯಲಿಲ್ಲ. ಹೊರಗೆ ಹೋಗಿ ನಿಂಬೆ ಗಿಡದ ಹತ್ತಿರ ನಿಂತ. ಒಳಗೆ ಬಂದ.

"ಐದಾರು ಜನರನ್ನ ಬೇಯಿಸ್ಬಿಟ್ಟೆ ಕಣೇ ನೀನು."

"ಒಳಗಿದ್ದೀವಿ ಅಂತ ಅವರು ಕೂಗ್ಬೇಕಿತ್ತು" ಅಂದೆ.

ನಕ್ಕುಬಿಟ್ಟ. ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ಆಗ ನನಗೆ ನೆನಪಾಯಿತು. ಕರಗಿಸಿದ್ದು ಐದೇ. ಆರನೆಯದನ್ನು ಮಾರಿಕ್ಕೂ ಅಜ್ಜಿ ಬೇಡಿ ತೆಗೆದುಕೊಂಡಿದ್ದಳು, ಸಂತ ಮಾಮಾಸನಿಗೆ ಹರಕೆ ಕಟ್ಟಲು.

ಸಂತ ಮಾಮಾಸನ ಗುಡಿ ಊರಾಚೆ ಬಂಡೆಯ ಮೇಲಿದೆ. ನಾಲ್ಕು ಜನ ನಿಂತರೆ ತುಂಬಿತು. ಒಳಗೆ ಸಿಂಹದ ಮೇಲೆ ಕೂತ ಸಂತ. ಕಿವಿನೋವು ಅವನ ಪಾಲಿನದು. ಕಿವಿ ನೋಯುವವರು ಮೇಣದಲ್ಲಿ ಕಿವಿ ಮಾಡಿ ಕಟ್ಟುತ್ತಾರೆ, ಆಗದವರು ಮೇಣದ ಒಂದು ತುಂಡು ಕಟ್ಟುತ್ತಾರೆ. ಗುಡಿಯ ಬೀಗದ ಕೈ ಮಾರಿಕ್ಕೂ ಅಜ್ಜಿಯ ಸೊಂಟದಲ್ಲಿ. ಆಗ ಅವಳಿಗೆ ಎಂಬತ್ತೆಂಟು. ಎಡಗಿವಿ ಕೇಳಿಸುತ್ತಿರಲಿಲ್ಲ, ಬಲಗಿವಿ ಬೇಕಾದಾಗ ಕೇಳಿಸುತ್ತಿತ್ತು.

ಇಬ್ಬರೂ ಹೋದೆವು. ಅವಳು ಅಂಗಳದಲ್ಲಿ ಬಾದಾಮಿ ಒಡೆಯುತ್ತಿದ್ದಳು. ಪಿಯೇರಿಸ್ ಎಲ್ಲ ಹೇಳಿದ.

"ಸಂತನಿಗೆ ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚ್ಕೆ ಆಗಲ್ವೇನೋ?"

"ಒಂದೇ ದಿನಕ್ಕೆ ಅಜ್ಜಿ. ಸಾಲ ಅಂದ್ಕೋ."

"ಅದನ್ನ ಕಟ್ಟಿದ್ಮೇಲೇ ಕಿವಿ ನೋವು ಹೋಗಿದ್ದು. ಬಿಚ್ಚಿದ್ರೆ ಮತ್ತೆ ಬಂದ್ರೆ? ನಿನ್ನ ಸ್ಕ್ರೂಡ್ರೈವರ್ ತಂದು ರಿಪೇರಿ ಮಾಡ್ತೀಯಾ?"

"ಆ ಮೇಣದೊಳಗೆ ಯಾರದೋ ದನಿ ಇದೆ ಅಜ್ಜಿ."

"ಸಂತ ಕೇಳಿಸ್ಕೊಳ್ತಿದ್ದಾನೆ. ಸಾಕು."

ನಾನು ನಡುವೆ ಬಾಯಿ ಹಾಕಿದೆ. "ಸರಿ ಬಿಡು, ಹೋಗೋಣ. ಟೊಫಾಲ್ಲಿಸ್ ಮೇಜು ಮಾಡ್ಕೊಳ್ಳಿ."

ಅಜ್ಜಿಯ ಕಲ್ಲು ಬಾದಾಮಿಯ ಮೇಲೆ ನಿಂತಿತು. ಬಲಗಿವಿ ಕೇಳಿಸಿತು.

ಟೊಫಾಲ್ಲಿಸನ ಮನೆಗೂ ಮಾರಿಕ್ಕೂ ಮನೆಗೂ ಮಾತಿರಲಿಲ್ಲ. ಅವರ ಅಜ್ಜಂದಿರ ಕಾಲದಲ್ಲಿ ಟೊಫಾಲ್ಲಿಸನವರ ಎಳೆ ದ್ರಾಕ್ಷಿ ಬಳ್ಳಿಗಳನ್ನೆಲ್ಲ ಯಾವುದೋ ಪ್ರಾಣಿ ತಿಂದುಹಾಕಿತ್ತು. ಮಾರಿಕ್ಕೂ ಅಜ್ಜಿಯವರ ಕತ್ತೆ ಅಂತ ಇವರು. ಆಡು ಇರಬೇಕು, ಇಲ್ಲ ಆಲಿಕಲ್ಲು ಮಳೆ ಅಂತ ಅವರು. ನೂರು ವರ್ಷದಿಂದ ಎರಡು ಮನೆಯವರೂ ಚರ್ಚಿನಲ್ಲಿ ಬೇರೆ ಬೇರೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು.

"ಕೊಡ್ಲಿಲ್ಲ ಅಂದ್ರೆ ಆ ಟೊಫಾಲ್ಲಿಗೆ ಮೇಜು ಸಿಗುತ್ತಾ?"

"ಸಿಗುತ್ತೆ ಅಜ್ಜಿ."

"ಹಂಗಾದ್ರೆ ತಗೊಂಡ್ಹೋಗು. ಆದ್ರೆ ಸಂತನ ಮೊಳೆ ಖಾಲಿ ಬಿಡಬಾರ್ದು. ನಿನ್ನ ಕಿವಿ ಕಟ್ಟು ಅಲ್ಲಿ, ಒತ್ತೆ. ಮತ್ತೆ ನನ್ನ ಮೇಣ ಹೊರಗಿರೋ ಒಂದೊಂದು ದಿನಕ್ಕೂ ಸಂತನ ದೀಪಕ್ಕೆ ಎಣ್ಣೆ ನಿಂದು. ನೀನೇ ಬಂದು ಹಾಕ್ಬೇಕು. ಬೆಳಿಗ್ಗೆ."

"ಒಂದು ದಿನ ತಾನೇ" ಅಂದ ಪಿಯೇರಿಸ್.

ಕಿವಿಯನ್ನು ರೊಟ್ಟಿಯ ಹಿಟ್ಟಿಗೆ ಒತ್ತಿಸಿ ಅಚ್ಚು ತೆಗೆದೆ. ಮೇಜಿನ ಮೇಲೆ ತಲೆ ಇಟ್ಟು ಮಲಗಿದ್ದ.

"ತಣ್ಣಗಿದೆ ಕಣೇ. ಒಳಗೆ ಹೋಗ್ತಾ ಇದೆ."

"ಹೋಗ್ಲಿ. ಒಳಗೆ ಮಹಾ ಏನಿತ್ತು?"

ಆ ಐದು ಕೋಲಿನ ಮೇಣ ಸೇರಿದ ಮುದ್ದೆ ಚರ್ಚಿನಲ್ಲಿ ಇನ್ನೂ ಇತ್ತು. ಅದನ್ನೇ ಕರಗಿಸಿ ಹೊಯ್ದೆ. ಕಪ್ಪು ಕಿವಿ ಬಂತು. ಹದಿನಾಲ್ಕನೇ ತಾರೀಕು ಅದನ್ನು ಮೊಳೆಗೆ ಕಟ್ಟಿ, ಕೋಲನ್ನು ಬಿಚ್ಚಿ, ಶುದ್ಧವಾದ ಬನಿಯನ್ನಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬಂದ. ಭೂತಗನ್ನಡಿಯಲ್ಲಿ ನೋಡಿದರೆ ಮೇಣದ ಮೇಲೆ ಕೂದಲಿಗಿಂತ ಸಣ್ಣ ಗೆರೆ. ಒಂದು ತುದಿಯಲ್ಲಿ ದಾರ ಕಟ್ಟಿದ ಕಡೆ ಅಳಿಸಿತ್ತು. ಅಂದು ಅದನ್ನು ಹಾಕಿ ನೋಡಲಿಲ್ಲ. ಒಂದೊಂದು ಸಲ ಮೊನೆ ಓಡಿದರೂ ಗೆರೆ ಸವೆಯುತ್ತದೆ, ಒಂದೇ ಸಲ, ಎಲ್ಲರ ಮುಂದೆ ಅಂದ. ರಾತ್ರಿ ಮಾತ್ರ ಒಂದು ನಿಮಿಷವೂ ನಿದ್ದೆ ಮಾಡಲಿಲ್ಲ, ನನ್ನನ್ನೂ ಬಿಡಲಿಲ್ಲ.

ಹಬ್ಬದ ಪೂಜೆ ಮುಗಿಯಿತು. ಊರೆಲ್ಲ ನಮ್ಮ ಅಂಗಳದಲ್ಲಿ. ಟೊಫಾಲ್ಲಿಸ್ ಪಿಕಪ್ಪನ್ನು ಹಿಮ್ಮುಖವಾಗಿ ತಂದು ಬಾಗಿಲಿಗೇ ನಿಲ್ಲಿಸಿದ್ದ. ಅಮೃತಶಿಲೆಯ ಹಲಗೆ ಅದರಲ್ಲಿತ್ತು, ಸುತ್ತಿಗೆಯೂ ಇತ್ತು.

ಮಾರಿಕ್ಕೂ ಅಜ್ಜಿ ಕುರ್ಚಿ ಎಳೆದುಕೊಂಡು ಮುಂದೆ ಕೂತಳು. "ಮೇಣ ನಂದು. ಮೊದಲು ನಾನು."

ಪಿಯೇರಿಸ್ ಅವಳ ಕಿವಿಗೆ ಕೊಳವೆ ಸಿಕ್ಕಿಸಿ ತುಳಿಯತೊಡಗಿದ. ಕೋಲು ತಿರುಗಿತು.

"ಏನಾದ್ರೂ ಕೇಳ್ತಾ?"

"ಕರಕರ. ಇಲಿ ಬಾದಾಮಿ ತಿಂದಂಗೆ."

ಟೊಫಾಲ್ಲಿಸ್ ತೋಳು ಮಡಿಸಿದ. ಪಿಯೇರಿಸನ ಹಣೆಯಲ್ಲಿ ಬೆವರು. ಹೊಸ ಪಟ್ಟೆ ಜಾರುತ್ತಿತ್ತು. ಗಾಲಿ ಒಮ್ಮೆ ಓಡಿ ಒಮ್ಮೆ ತಡವರಿಸುತ್ತಿತ್ತು. ಅವನು ಮೊನೆ ಎತ್ತಿ ನಿಲ್ಲಿಸಿದ. ನನ್ನ ಕಡೆ ನೋಡಿದ. ಅಂಥ ಮುಖ ಅವನದು ನಾನು ನೋಡಿರಲಿಲ್ಲ.

"ಪಾದ್ರಿಗಳೇ, ಜೇಬಲ್ಲಿ ಧೂಪ ಇದ್ಯಾ?"

"ಯಾಕೋ, ಮಂತ್ರ ಹಾಕ್ತೀಯಾ?"

"ಕೊಡಿ ಬೇಗ."

ಧೂಪದ ಅಂಟಿನ ಒಂದು ಹರಳನ್ನು ಬಿಸಿ ಪಟ್ಟೆಗೆ ಉಜ್ಜಿದ. ಪಿಟೀಲಿನವರು ಕಮಾನಿಗೆ ಉಜ್ಜುತ್ತಾರಲ್ಲ, ಹಾಗೆ. ಅಂಗಳವೆಲ್ಲ ಪೂಜೆಯ ವಾಸನೆ. ಮತ್ತೆ ತುಳಿದ. ಪಟ್ಟೆ ಹಿಡಿಯಿತು. ಗಾಲಿ ಒಂದೇ ಸಮ ತಿರುಗಿತು.

"ಒಬ್ಬ ಗಂಡಸು" ಅಂದಳು ಅಜ್ಜಿ.

ಕೊಳವೆಯನ್ನು ಬಲಗಿವಿಗೆ ಇನ್ನೂ ಒತ್ತಿಕೊಂಡಳು.

"ಮೂಗಲ್ಲಿ ಮಾತಾಡ್ತಾನೆ. ನೆಗಡಿ ಅವನಿಗೆ. ಅರ್ಥ ಆಗಲ್ಲ."

ಪಾದ್ರಿ ಒಂದು ಕೊಳವೆ ಕಸಿದು ತಮ್ಮ ಕಿವಿಗೆ ಇಟ್ಟುಕೊಂಡರು. "ಇಂಗ್ಲಿಷು. ಕಾಗದ ಬರೆಸ್ತಿದ್ದಾನೆ. ಮಿಡತೆಗೆ ಅಡ್ಡ ಕಟ್ಟೋ ಬಟ್ಟೆ ಸಾಲದು ಅಂತಾನೆ. ಹೇಸರಗತ್ತೆಗಳು ಕುಂಟುತ್ವೆ ಅಂತಾನೆ. ಅಯ್ಯೋ, ಬರೀ ಸರ್ಕಾರಿ ಕಾಗದ ಕಣ್ರಪ್ಪ!"

ಜನ ಗೊಳ್ಳೆಂದು ನಕ್ಕರು. ಆದರೂ ಮಾತಾಡಿತು. ಪಿಯೇರಿಸ್ ತುಳಿಯುತ್ತಲೇ ಇದ್ದ, ಅವನ ಬಾಯಿ ಕಿವಿಯವರೆಗೆ ಹೋಗಿತ್ತು.

ಅಷ್ಟರಲ್ಲಿ ಅಜ್ಜಿ ಕುರ್ಚಿಯಲ್ಲಿ ನೆಟ್ಟಗಾದಳು. ಒಂದು ಕೈ ಎದೆಗೆ ಹೋಯಿತು.

"ಅಜ್ಜಿ!" ಅಂದಳು. "ನಮ್ಮಜ್ಜಿ ಕೂಗ್ತಿದ್ದಾಳೆ! ಕಿಟಕಿ ಆಚೆ! ಕನೆಲ್ಲೂ, ಬಾರೇ ಈಚೆ, ನಿನ್ನ ಹೊಟ್ಟೆ ಸೀಳಾ, ಅಂತಿದ್ದಾಳೆ!"

ಅಜ್ಜಿಯ ಮನೆಯಲ್ಲಿ ಹೆಣ್ಣು ಕತ್ತೆಗಳಿಗೆಲ್ಲ ಕನೆಲ್ಲೂ ಅಂತಲೇ ಹೆಸರು, ತಲೆತಲಾಂತರದಿಂದ. ಕೊನೆಯ ಕನೆಲ್ಲೂ ನಮಗೆಲ್ಲ ಗೊತ್ತಿತ್ತು. ಎಲ್ಲರೂ ಶಿಲುಬೆಯ ಗುರುತು ಮಾಡಿಕೊಂಡರು.

ಪಾದ್ರಿಯ ಮುಖ ಮಾತ್ರ ಒಂದು ಥರ ಆಯಿತು. ಅವರು ಬೇಗ ಕೊಳವೆ ತೆಗೆಯಲು ಹೋದರು. ಟೊಫಾಲ್ಲಿಸ್ ಅದನ್ನು ನೋಡಿಬಿಟ್ಟ. ಹಾರಿ ಬಂದು ಕೊಳವೆ ಕಸಿದು ಕಿವಿಗೆ ಒತ್ತಿಕೊಂಡ. ಕೇಳಿದ. ಕೆಂಪಗಾದ.

"ಟೊಫಾಲ್ಲಿಯ ಬಳ್ಳಿ ಬಿಡೇ!" ಅಂತ ಕೂಗಿದ. "ಟೊಫಾಲ್ಲಿಯ ಬಳ್ಳಿ ಬಿಡೇ, ಅವನು ನೋಡೋಕೆ ಮುಂಚೆ ಈಚೆ ಬಾ, ಅಂತ ಕೂಗ್ತಾನೇ ಇದ್ದಾಳೆ! ಕೇಳಿದ್ರೇನ್ರೋ! ನಮ್ಮ ಮುತ್ತಾತನ ಬಳ್ಳಿ! ಆಡಂತೆ! ಆಲಿಕಲ್ಲಂತೆ! ನೂರು ವರ್ಷ ನಮ್ಮನ್ನ ಸುಳ್ಳುಗಾರರು ಅಂದ್ರಲ್ಲ!"

"ಮೊಳದುದ್ದ ಬಳ್ಳಿ, ಏನು ಮಹಾ!" ಅಂದಳು ಅಜ್ಜಿ.

"ಮತ್ತೆ ತಿಂದಿದ್ದು ಹೌದು ತಾನೇ?"

"ಕತ್ತೆ ತಿಂದಿದ್ದಕ್ಕೆ ನಾನೇನು ಮಾಡ್ಲಿ? ನಾನು ಹುಟ್ಟೇ ಇರ್ಲಿಲ್ಲ!"

ಅಂಗಳದಲ್ಲಿ ನಗು ತಡೆಯಲು ಆಗಲಿಲ್ಲ. ನರ್ಸಮ್ಮ ನೆಲದ ಮೇಲೆ ಕೂತುಬಿಟ್ಟಳು. ಪಿಯೇರಿಸ್ ಮೊನೆ ಎತ್ತಿ, ಕೋಲಿನ ಮೇಲೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದ.

ಟೊಫಾಲ್ಲಿಸ್ ಪಿಕಪ್ಪಿಗೆ ಹೋಗಿ ಸುತ್ತಿಗೆಯನ್ನು ಸೀಟಿನ ಕೆಳಗೆ ಎಸೆದ. "ಇದಕ್ಕೆ ಯಾರಾದ್ರೂ ಕೈ ಹಚ್ಚಿದ್ರೆ ನೋಡಿ. ಇದು ಮೇಜಲ್ಲ, ನನ್ನ ಸಾಕ್ಷಿ!"

"ಒಂದು ದಿನ ಆಯ್ತು" ಅಂದಳು ಅಜ್ಜಿ, ಕೈ ಚಾಚಿ. "ಕೊಡು ನನ್ನ ಮೇಣ. ಸಂತನದು."

"ಕೊಟ್ರೆ ಬಿಸಿಲಲ್ಲಿ ಕರಗಿಸಿಬಿಡ್ತಾಳೆ ಮುದುಕಿ!"

ಇಬ್ಬರೂ ಪಾದ್ರಿಯ ಕಡೆ ತಿರುಗಿದರು. ಪಾದ್ರಿ ಗಡ್ಡ ಕೆರೆದುಕೊಂಡರು. ಅವರಿಗೆ ಊಟದ ಹೊತ್ತಾಗಿತ್ತು.

"ಸಂತನ ಮಾತು ಏನಿತ್ತು? ಮೇಣ ಹೊರಗಿರೋ ದಿನಕ್ಕೆಲ್ಲ ಎಣ್ಣೆ. ಮೇಣ ಪಿಯೇರಿಸನ ಹತ್ರ ಇರ್ಲಿ. ಅವನು ನಿಮ್ಮಿಬ್ಬರ ಕಡೆಯೋನೂ ಅಲ್ಲ. ದಿನಾ ಬೆಳಿಗ್ಗೆ ಎಣ್ಣೆ ಹಾಕ್ಲಿ. ಮುಗೀತು, ಹೋಗ್ರಪ್ಪ."

"ದಿನಾನಾ?" ಅಂದ ಪಿಯೇರಿಸ್.

"ಯಂತ್ರ ಬೇಕೋ ಬೇಡ್ವೋ?"

ಬೇಕಿತ್ತು.

ಮುಂದಿನ ವಾರ ಅಜ್ಜಿ ಟೊಫಾಲ್ಲಿಸನ ಹೋಟೆಲಿಗೆ ಒಂದು ಬುಟ್ಟಿ ದ್ರಾಕ್ಷಿ ಕಳಿಸಿದಳು, ಇಲ್ಲಿಗೆ ಸರಿಹೋಯಿತು ಅಂತ ಹೇಳಿಸಿ. ಹುಳಿ ಅಂತ ಅವನು ವಾಪಸ್ ಕಳಿಸಿದ. ಅವಳೇ ಬುಟ್ಟಿ ಹೊತ್ತುಕೊಂಡು ಬೈಯಲು ಹೋದಳು. ಅವನು ಕಾಫಿ ಕೊಟ್ಟ. ಸಾಯುವವರೆಗೂ ದಿನಾ ಹೋಗಿ ಅವನ ಮೇಜಿನಲ್ಲಿ ಕೂತು ಜಗಳ ಆಡಿ ಬರುತ್ತಿದ್ದಳು.

ನಿಕೋಸಿಯಾದಿಂದ ಒಬ್ಬ ಕನ್ನಡಕದವನು ಬಂದು ಯಂತ್ರವನ್ನು ಎರಡು ದಿನ ನೋಡಿದ. ಇಂಥವು ಬಹಳ ಕಮ್ಮಿ ಉಳಿದಿವೆ, ಎಲ್ಲರೂ ಕಾಲು ಕಿತ್ತುಕೊಂಡು ತಲೆ ಎಸೆದಿದ್ದಾರೆ ಅಂದ. ಮ್ಯೂಸಿಯಮ್ಮಿಗೆ ಕೊಡಿ ಅಂದ. ಸಂತನದು, ನನ್ನದಲ್ಲ ಅಂದ ಪಿಯೇರಿಸ್. ಕೋಲನ್ನು ವರ್ಷಕ್ಕೆ ಒಂದೇ ಸಲ ಹಾಕುತ್ತಿದ್ದ, ಹಬ್ಬದ ದಿನ, ಇಬ್ಬರೇ ಇಬ್ಬರಿಗೆ. ಮೂರನೇ ವರ್ಷ ನಾನು ಕೇಳಿದೆ. ಸೊಳ್ಳೆ ಹಾಡಿದ ಹಾಗಿತ್ತು. ಆದರೆ ಕತ್ತೆಯ ಹೆಸರು ಸರಿಯಾಗಿ ಕೇಳಿಸಿತು.

ಮೇಣದ ಕಿವಿ ಎರಡನೇ ವರ್ಷದ ಬೇಸಿಗೆಯಲ್ಲಿ ಕರಗಿ ಸಂತನ ಸಿಂಹದ ಮುಂದೆ ಬಿತ್ತು. ಸಂತನಿಗೆ ಪಿಯೇರಿಸನ ಮಾತು ಸ್ವಲ್ಪ ಹೆಚ್ಚಾಯಿತು ಅಂದಳು ಅಜ್ಜಿ.

ಹೊಸ ಮೇಣ ಹಚ್ಚಿ ಕೋಲು ಮಾಡಿದರೆ ಈಗಲೂ ದನಿ ಹಿಡಿಯಬಹುದು ಅಂತ ಕನ್ನಡಕದವನು ಹೇಳಿದ್ದ. ನಾನು ಒಂದು ಸಲ ಪಿಯೇರಿಸನಿಗೆ ಹೇಳಿದೆ, ನಿನ್ನದೂ ಒಂದು ಹಿಡಿದಿಡು ಅಂತ.

"ಯಾರಿಗೆ?" ಅಂದ. "ಎದುರಿಗೆ ಕೂತು ಹೇಳಿದ್ರೇ ನೀನು ಕೇಳಲ್ಲ."

ಅವನು ಹಿಡಿದಿಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಹತ್ತು ವರ್ಷ ಒಂಬತ್ತು ತಿಂಗಳು ಎಣ್ಣೆ ಹಾಕಿದ. ಜ್ವರ ಬಂದಾಗಲೂ ಹೋಗುತ್ತಿದ್ದ. ಹಿಮ ಬಿದ್ದ ಒಂದು ದಿನವೂ ಹೋದ, ಜಾರಿ ಬಿದ್ದು ಬಾಟಲಿ ಒಡೆದು, ಬೈದುಕೊಂಡು ಬಂದು ಇನ್ನೊಂದು ಬಾಟಲಿ ತೆಗೆದುಕೊಂಡು ಹೋದ.

ಅವನು ಹೋದ ನಲವತ್ತನೇ ದಿನದ ಪೂಜೆಗೆ ಗೋಧಿ ಬೇಯಿಸಿ, ದಾಳಿಂಬೆ, ಬಾದಾಮಿ ಹಾಕಿ ಚರ್ಚಿಗೆ ಕೊಟ್ಟೆ. ಪಾದ್ರಿ ಲೊಯಿಜೋಸ್ ನನ್ನ ಪಕ್ಕ ನಿಂತರು. ಈಗ ಅವರ ಜೊತೆ ಪಗಡೆ ಆಡುವವರಿಲ್ಲ.

"ಮಿರೋಫೋರಾ, ಮಾರಿಕ್ಕೂ ಇಲ್ಲ. ಟೊಫಾಲ್ಲಿಸನ ಜಗಳ ಮುಗ್ದುಹೋಗಿದೆ. ಮೇಣ ಗುಡಿಗೆ ಕೊಟ್ಬಿಡು. ಆ ಬಂಡೆ ಹತ್ತೋ ವಯಸ್ಸಲ್ಲ ನಿಂದು. ಸಂತ ಏನೂ ಅನ್ಕೊಳ್ಳಲ್ಲ" ಅಂದರು.

ಯೋಚಿಸುತ್ತೇನೆ ಅಂದೆ. ಯೋಚಿಸಲಿಲ್ಲ.

ಕೋಲು ಯಂತ್ರದ ಡ್ರಾಯರಿನಲ್ಲಿದೆ, ಬನಿಯನ್ನಿನಲ್ಲಿ. ಮಾತು ಕೊಟ್ಟವನು ಹೋದ. ಮೇಣ ಹೊರಗೇ ಇದೆ.

ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಬಾಟಲಿಗೆ ಎಣ್ಣೆ ತುಂಬಿಕೊಂಡು ಹೋಗುತ್ತೇನೆ. ನಡುವೆ ಎರಡು ಕಡೆ ಕೂರುತ್ತೇನೆ. ಬೀಗ ತೆಗೆದು, ದೀಪದ ಗಾಜು ಇಳಿಸಿ, ಮಸಿ ಒರೆಸಿ, ಸುಟ್ಟ ಬತ್ತಿ ಎಸೆಯುತ್ತೇನೆ. ಕೆಳಗೆ ಎರಡು ಬೆರಳು ನೀರು, ಮೇಲೆ ಮೂರು ಬೆರಳು ಎಣ್ಣೆ. ಹೊಸ ಬತ್ತಿ ತೇಲಿಬಿಟ್ಟು ಹಚ್ಚುತ್ತೇನೆ. ಹತ್ತಿದ ಮೇಲೆ ಬಾಗಿಲು ಹಾಕಿಕೊಂಡು ಇಳಿಯುತ್ತೇನೆ.